ಓಣಿಯ ಹಳೆಯ ಸಂಚಾರ ತಡೆಯನ್ನು ತೆಗೆಸುವ ಬಗೆ

ಮುಖ್ಯ ರಸ್ತೆಯ ಕಾಮಗಾರಿ ನಡೆದಿದ್ದಾಗ ವಾಹನಗಳು ಒಳಗೆ ನುಗ್ಗಬಾರದೆಂದು ನೆಟ್ಟ ಕಂಬಗಳು, ಲಾರಿ ಬರಬಾರದೆಂದು ಕಟ್ಟಿದ ಕಬ್ಬಿಣದ ಕಮಾನು, 2020ರ ಲಾಕ್‌ಡೌನ್ ಕಾಲದಲ್ಲಿ ಓಣಿಯನ್ನು ಸೀಲ್‌ಡೌನ್ ಮಾಡಲು ಬೆಸೆದ ಅಡ್ಡಪಟ್ಟಿ, ಇವೆಲ್ಲ ಒಂದೊಂದು ಕಾರಣಕ್ಕೆ ಬಂದಂಥವು. ಧಾರವಾಡದ ನಮ್ಮ ಓಣಿಯ ತುದಿಯಲ್ಲಿ ಮೂರು ಹಳಿ ತುಂಡುಗಳನ್ನು ನೆಟ್ಟು ಅವುಗಳ ನಡುವೆ ಸರಪಳಿ ಬಿಗಿದಿದ್ದರು. ಹುಬ್ಬಳ್ಳಿ-ಧಾರವಾಡ ನಡುವೆ ಬಸ್ಸುಗಳಿಗೇ ಮೀಸಲಾದ ಪಥದ, ಅಂದರೆ ಬಿಆರ್‌ಟಿಎಸ್ ಕಾಮಗಾರಿ ನಡೆದಿದ್ದ ದಿನಗಳಲ್ಲಿ ಆ ತಡೆ ನಮಗೆ ಬೇಕೇ ಆಗಿತ್ತು, ಏಕೆಂದರೆ ಮುಖ್ಯ ರಸ್ತೆಯಲ್ಲಿ ಸಿಕ್ಕಿಬಿದ್ದ ಟೆಂಪೊ, ಟಂಟಂಗಳೆಲ್ಲ ನಮ್ಮ ಓಣಿಯನ್ನೇ ಅಡ್ಡದಾರಿ ಮಾಡಿಕೊಂಡಿದ್ದವು. 2018ರಲ್ಲಿ ಆ ಪಥದಲ್ಲಿ ಚಿಗರಿ ಎಂಬ ಹೆಸರಿನ ಬಸ್ಸುಗಳು ಓಡತೊಡಗಿದವು, ಹೊರಗಿನ ವಾಹನಗಳು ತಮ್ಮ ದಾರಿಗೆ ಮರಳಿದವು, ಹಳಿ ತುಂಡುಗಳು ಮಾತ್ರ ನಿಂತಲ್ಲೇ ನಿಂತವು. ಅವನ್ನು ತೆಗೆಸಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಕಬ್ಬಿಣ ಕೊಯ್ದು ಕಿತ್ತ ಕೆಲಸ ಅರ್ಧ ದಿನದ್ದು. ಉಳಿದ ಅವಧಿಯೆಲ್ಲ ಅದನ್ನು ಹಾಕಿದವರು ಯಾರು, ಯಾತಕ್ಕೆ ಹಾಕಿದರು ಎಂಬುದನ್ನು ಪತ್ತೆ ಹಚ್ಚುವುದಕ್ಕೂ, ಬೇಡವೆನ್ನುತ್ತಿದ್ದ ನೆರೆಯವರ ಮಾತಿಗೆ ಸರಿಯಾದ ಉತ್ತರ ಹುಡುಕುವುದಕ್ಕೂ ಹೋಯಿತು. ಇಂಥದ್ದೇ ತಡೆಯನ್ನು ತೆಗೆಸಬೇಕೆಂದಿರುವವರಿಗೆ ಅಷ್ಟು ಕಾಲ ಬೇಕಾಗದಿರಲಿ ಎಂದು, ಕೆಲಸದ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲಿಗೇ ಒಂದು ಎಚ್ಚರಿಕೆಯ ಮಾತು ಹೇಳಬೇಕು. ತಡೆ ಎಷ್ಟೇ ನಿರುಪಯುಕ್ತವಾಗಿರಲಿ, ಅದನ್ನು ನಾಗರಿಕರು ತಾವಾಗಿಯೇ ಕೀಳಬಾರದು. ಸಂಚಾರ ಚಿಹ್ನೆಯನ್ನು ಬೇಕೆಂದೇ ತೆಗೆಯುವುದನ್ನು, ಬದಲಿಸುವುದನ್ನು, ವಿರೂಪಗೊಳಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 116ನೇ ಕಲಂ ನಿಷೇಧಿಸುತ್ತದೆ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದವರ ಮೇಲೆ 1984ರ ಪ್ರತ್ಯೇಕ ಕಾಯ್ದೆಯ ಪ್ರಕಾರ ಪ್ರಕರಣ ದಾಖಲಾಗಬಹುದು, ಅದಕ್ಕೆ ಐದು ವರ್ಷಗಳವರೆಗಿನ ಸೆರೆವಾಸದ ಶಿಕ್ಷೆಯೂ ಇದೆ. ರಾತ್ರಿ ನಾಲ್ಕು ಜನ ಸೇರಿ ಕಂಬ ಉರುಳಿಸಿದರೆ ಬೆಳಗಾಗುವುದರೊಳಗೆ ತಡೆಯ ಪ್ರಶ್ನೆ ಮರೆತುಹೋಗಿ, ಉರುಳಿಸಿದವರ ಪ್ರಶ್ನೆ ಎದ್ದು ನಿಲ್ಲುತ್ತದೆ.

ತಡೆ ಯಾರದು ಎಂಬುದು ಮೊದಲ ಪ್ರಶ್ನೆ

ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ತಡೆಯ ಹತ್ತಿರ ಹೋಗಿ ನಿಂತು ನೋಡಬೇಕು. ಗಾಲಿ ಇರುವ ಹಳದಿ ಬ್ಯಾರಿಕೇಡ್ ಆಗಿದ್ದು ಅದರ ಮೇಲೆ ಠಾಣೆಯ ಹೆಸರಿದ್ದರೆ ಅದು ಪೊಲೀಸರದು. ಇಂಥದ್ದಕ್ಕೆ ಕಡತ, ಮನವಿ ಯಾವುದೂ ಬೇಕಾಗದಿರಬಹುದು; ನಿಮ್ಮ ಭಾಗದ ಸಂಚಾರ ಠಾಣೆಗೆ ಹೋಗಿ ತಿಳಿಸಿದರೆ ಒಯ್ಯುವ ಸಂಭವವೇ ಹೆಚ್ಚು. ನೆಲದಲ್ಲಿ ಹೂತ ಕಂಬ, ಬೆಸುಗೆಯ ಕಮಾನು, ಕಾಂಕ್ರೀಟ್ ಕಟ್ಟೆಗಳ ಸಂಗತಿ ಬೇರೆ. ಅವುಗಳಲ್ಲಿ ಕೆಲವನ್ನು ಮಹಾನಗರ ಪಾಲಿಕೆಯೇ ಹಾಕಿಸಿರುತ್ತದೆ, ಕೆಲವನ್ನು ಗುತ್ತಿಗೆದಾರರು ಕಾಮಗಾರಿಯ ವೇಳೆ ಹಾಕಿ ಮರೆತು ಹೋಗಿರುತ್ತಾರೆ. ಬಹಳಷ್ಟನ್ನು ಓಣಿಯ ನಿವಾಸಿಗಳೇ ವರ್ಗಣಿ ಎತ್ತಿ ಹಾಕಿಸಿರುತ್ತಾರೆ. ನಮ್ಮಲ್ಲಿ ಆಗಿದ್ದುದು ಇದೇ. ಮೂರು ಕಂಬಗಳೂ ಸರಕಾರದವೆಂದು ನಾವೆಲ್ಲ ನಂಬಿಕೊಂಡಿದ್ದೆವು. ಕಡೆಗೆ ಸಂಘದ ಹಳೆಯ ಜಮಾ-ಖರ್ಚಿನ ವಹಿಯಲ್ಲಿ ಗೌಂಡಿಯ ಪಗಾರ, ಎರಡು ಚೀಲ ಸಿಮೆಂಟು, ಸರಪಳಿಯ ಬೆಲೆ ಬರೆದಿದ್ದ ಒಂದು ಸಾಲು ಸಿಕ್ಕಿತು. ಆದ್ದರಿಂದ ಕಚೇರಿಗೆ ಅಲೆಯುವುದಕ್ಕಿಂತ ಮುಂಚೆ ಓಣಿಯ ಹಿರಿಯರನ್ನು, ಸಂಘದ ಹಳೆಯ ಪದಾಧಿಕಾರಿಗಳನ್ನು ಮಾತಾಡಿಸುವುದು ಮೇಲು.

ನಿವಾಸಿಗಳೇ ಹಾಕಿಸಿದ್ದು ಖಾತ್ರಿಯಾದರೂ ಅದನ್ನು ತಾವೇ ತೆಗೆಯುವ ಅಧಿಕಾರ ಅವರಿಗೆ ಬಂದಂತಾಗುವುದಿಲ್ಲ. ಕಂಬ ನಿಮ್ಮದಿರಬಹುದು, ಅದು ನಿಂತ ನೆಲ ಸಾರ್ವಜನಿಕ ಬೀದಿ; ಆ ಬೀದಿಯನ್ನು ಅಗೆಯಲು, ಮುಚ್ಚಲು ಪಾಲಿಕೆಯ ಅನುಮತಿ ಬೇಕೇ ಬೇಕು. ಸಾರ್ವಜನಿಕ ಬೀದಿಯಲ್ಲಿ ಅಡಚಣೆಯಾಗುವ ಕಟ್ಟಡ, ಜೋಡಣೆಗಳನ್ನು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 288ಎ ಕಲಂ ನಿಷೇಧಿಸುತ್ತದೆ. ಮನವಿಯಲ್ಲಿ ಉಲ್ಲೇಖಿಸಲು ಇದೇ ಸರಿಯಾದ ಆಧಾರ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಹೊಸ ಬಡಾವಣೆಯಾಗಿದ್ದು ಇನ್ನೂ ಪಾಲಿಕೆಗೆ ಹಸ್ತಾಂತರವಾಗಿರದಿದ್ದರೆ, ಮನವಿ ಹೋಗಬೇಕಾದದ್ದು ನಗರಾಭಿವೃದ್ಧಿ ಪ್ರಾಧಿಕಾರ ಅಂದರೆ ಹುಡಾ ಕಚೇರಿಗೆ ಅಥವಾ ಬಡಾವಣೆ ಮಾಡಿದವರಿಗೆ. ಇದನ್ನು ಮೊದಲೇ ವಿಚಾರಿಸಿಕೊಳ್ಳದಿದ್ದರೆ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸುತ್ತುತ್ತ ತಿಂಗಳುಗಳು ಉರುಳುತ್ತವೆ.

ಪೊಲೀಸ್ ಆದೇಶದ ಮೇಲೆ ಹಾಕಿದ ತಡೆಯಾಗಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಆ ಆದೇಶ ಈಗಲೂ ಜಾರಿಯಲ್ಲಿದೆಯೇ? ಯಾವುದೇ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಿಂದ ಬರುತ್ತದೆ. ನಿರ್ಬಂಧ ಒಂದು ತಿಂಗಳ ಒಳಗಿನದಾದರೆ ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಅದಕ್ಕೂ ಹೆಚ್ಚಿನ ಅವಧಿಯದಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಬೇಕು. ಆದುದರಿಂದ ವರ್ಷಗಟ್ಟಲೆ ನಿಂತಿರುವ ತಡೆಗೆ ಅಧಿಸೂಚನೆಯ ಪ್ರತಿ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಕೇಳಿದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು ಸಾಮಾನ್ಯವಾಗಿ 150 ಶಬ್ದಗಳನ್ನು ಮೀರಬಾರದು. ಹಾಗಾಗಿ ಓಣಿಯ ಕಷ್ಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳದೆ, ಇಂಥ ರಸ್ತೆಯ ಇಂಥ ಸ್ಥಳದಲ್ಲಿರುವ ತಡೆಯನ್ನು ಯಾವ ಆದೇಶದ ಮೇರೆಗೆ, ಯಾವ ದಿನ, ಎಷ್ಟು ಅವಧಿಗೆ ಹಾಕಲಾಯಿತು ಎಂದಷ್ಟೇ ಕೇಳಿ, ಆದೇಶದ ಪ್ರತಿ ಕೊಡಬೇಕೆಂದು ಬರೆಯಬೇಕು. ಅಂಥ ಯಾವ ಆದೇಶವೂ ಕಡತದಲ್ಲಿ ಲಭ್ಯವಿಲ್ಲ ಎಂಬ ಉತ್ತರ ಬಂದರೆ ಅದೂ ನಿಮ್ಮ ಕೈಯಲ್ಲಿರುವ ಬಲವಾದ ದಾಖಲೆಯೇ ಆಗುತ್ತದೆ. ಅದನ್ನು ಜೋಪಾನವಾಗಿಟ್ಟುಕೊಂಡು ಮುಂದಿನ ಮನವಿಗೆ ಲಗತ್ತಿಸಬೇಕು.

ಟೇಪು ಹಿಡಿದು ಅಳೆಯುವುದು

ತೊಂದರೆಯಾಗುತ್ತಿದೆ ಎಂದು ಬರೆದರೆ ಓದಿದವರ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. ಅಳತೆ ಬರೆದರೆ ಮೂಡುತ್ತದೆ. ನಾವು ಐದು ಮೀಟರಿನ ಟೇಪು ತೆಗೆದುಕೊಂಡು ಹೋಗಿ ಗಟಾರದಿಂದ ಗಟಾರಕ್ಕೆ ರಸ್ತೆಯ ಅಗಲ, ಕಂಬದಿಂದ ಕಂಬಕ್ಕೆ ಇರುವ ತೆರಪು, ನೆಲದಿಂದ ಕಂಬದ ಎತ್ತರ, ಕಂಬದಿಂದ ಹತ್ತಿರದ ವಿದ್ಯುತ್ ಕಂಬಕ್ಕಿರುವ ದೂರ, ಇಷ್ಟನ್ನೂ ಬರೆದುಕೊಂಡೆವು. ಕಂಬಗಳ ನಡುವಿನ ತೆರಪು ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್ ಇತ್ತು. ಅಗ್ನಿಶಾಮಕ ವಾಹನದ ಅಗಲ ಎರಡೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಆಂಬುಲೆನ್ಸ್ ಅದಕ್ಕಿಂತ ಕಿರಿದಾದರೂ ಕನ್ನಡಿಗಳನ್ನು ಸೇರಿಸಿದರೆ ನಮ್ಮ ತೆರಪಿನಲ್ಲಿ ಹಾಯುವಂತಿರಲಿಲ್ಲ. ಈ ಎರಡು ಅಳತೆಗಳನ್ನು ಅಕ್ಕಪಕ್ಕ ಬರೆದು ಕೊಟ್ಟ ದಿನದಿಂದ ನಮ್ಮ ಅರ್ಜಿಯ ಗತಿಯೇ ಬದಲಾಯಿತು ಎಂದು ನಾನು ನಂಬಿದ್ದೇನೆ. ಕಮಾನಿನಂಥ ತಡೆಯಾಗಿದ್ದರೆ ಅಗಲದ ಜೊತೆಗೆ ನೆಲದಿಂದ ಅಡ್ಡಪಟ್ಟಿಯ ಕೆಳ ಅಂಚಿಗಿರುವ ಎತ್ತರವನ್ನೂ ಅಳೆಯಬೇಕು. ರಸ್ತೆಯ ಮೇಲೆ ಮತ್ತೆ ಮತ್ತೆ ಡಾಂಬರು ಹಾಕಿ ನೆಲ ಏರಿರುವುದರಿಂದ, ಕಟ್ಟಿದಾಗ ಇದ್ದ ಎತ್ತರ ಈಗ ಇರುವುದಿಲ್ಲ.

ಕಾಲ್ನಡಿಗೆಯವರನ್ನೂ ಮರೆಯಬಾರದು. ಗಾಲಿಕುರ್ಚಿ ಹಾಯಲು ಕನಿಷ್ಠ 90 ಸೆಂಟಿಮೀಟರ್, ಸಲೀಸಾಗಿ ಸಾಗಲು 1.2 ಮೀಟರ್ ತೆರಪು ಬೇಕು. ಸರಪಳಿ ಬಿಗಿದಿದ್ದರೆ ತೆರಪು ಎಷ್ಟಿದ್ದರೂ ಪ್ರಯೋಜನವಿಲ್ಲ, ಕಣ್ಣು ಕಾಣದವರಿಗಂತೂ ಮೊಳಕಾಲಿನ ಮಟ್ಟದ ಸರಪಳಿಗಿಂತ ಅಪಾಯದ ವಸ್ತು ಬೇರೆ ಇಲ್ಲ.

ಅಳತೆಯ ಜೊತೆಗೆ ಒಂದು ವಾರದ ದಿನಚರಿಯನ್ನೂ ಬರೆಯಿರಿ. ಕಸದ ಟಿಪ್ಪರ್ ಎಲ್ಲಿ ನಿಂತು ತಿರುಗಿ ಹೋಗುತ್ತದೆ, ಅಲ್ಲಿಂದ ಒಳಗಿನ ಎಷ್ಟು ಮನೆಗಳವರು ಕಸ ಹೊತ್ತು ನಡೆಯುತ್ತಾರೆ, ಗ್ಯಾಸ್ ಸಿಲಿಂಡರನ್ನು ಎಷ್ಟು ದೂರ ಉರುಳಿಸಿಕೊಂಡು ತರುತ್ತಾರೆ, ಶಾಲೆಯ ವ್ಯಾನು ಎಷ್ಟು ಸುತ್ತು ಹಾಕುತ್ತದೆ, ಇವೆಲ್ಲ ನಿತ್ಯ ಕಣ್ಣೆದುರು ನಡೆದರೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಗಳು.

ಬೇಡವೆನ್ನುವವರ ಮನೆಗೆ ಮೊದಲು ಹೋಗಬೇಕು

ಇಡೀ ಕೆಲಸದಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಭಾಗ ಇದು. ತಡೆಯನ್ನು ಹಾಕಿದ ಕಾರಣ ಪೂರ್ತಿ ಇಲ್ಲವಾಗಿರುವುದು ಅಪರೂಪ. ಅದರ ಒಂದು ತುಣುಕು ಯಾರದೋ ಮನೆಯಲ್ಲಿ ಉಳಿದಿರುತ್ತದೆ. ನಮ್ಮ ಓಣಿಯ ಮೂಲೆಮನೆಯಲ್ಲಿರುವ ನಿವೃತ್ತ ಮಾಸ್ತರರು ಸಹಿ ಹಾಕಲು ಒಪ್ಪಲಿಲ್ಲ. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟು ಅವರು ಅಂದದ್ದಿಷ್ಟು: "ಕಂಬ ತಗದ್ರ ನಾಳಿಂದ ಮತ್ತ ಗಾಡಿ ಭರ್ರಂತ ಬರ್ತಾವಲ್ಲೋ ತಮ್ಮಾ. ನನ್ನ ಮೊಮ್ಮಗಳು ಇಲ್ಲೇ ಸೈಕಲ್ ಹೊಡೀತಾಳ." ಅವರ ಮಾತು ಸುಳ್ಳಾಗಿರಲಿಲ್ಲ. ಅವರ ಮನೆಯ ಗೇಟಿನಿಂದ ರಸ್ತೆಯ ಅಂಚಿಗೆ ನಾಲ್ಕು ಹೆಜ್ಜೆ ಮಾತ್ರ. ಆ ಹೊತ್ತಿನಲ್ಲಿ ವಾದ ಮಾಡದೆ, "ಹಂಗಾದ್ರ ಗಾಡಿ ಜೋರ್ ಬರದಂಗ ಮೊದಲ ಹಂಪ್ ಹಾಕಸೋಣ್ರಿ ಮಾಸ್ತರ್ರ, ಕಂಬ ಆಮ್ಯಾಲೆ ತಗಸೋಣ" ಎಂದು ಹೇಳಿ ಬಂದೆವು. ಮುಂದೆ ಮನವಿಯ ಮೊದಲ ಸಹಿ ಅವರದೇ ಆಯಿತು.

ವೇಗ ತಗ್ಗಿಸುವ ಉಬ್ಬನ್ನು ಹಾಕಿಸುವುದಾದರೆ ಅದೂ ಲೆಕ್ಕದಂತೆ ಇರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 99ನೇ ಸಂಖ್ಯೆಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಆಗ ವಾಹನಗಳು ಗಂಟೆಗೆ ಸುಮಾರು 25 ಕಿಲೊಮೀಟರ್ ವೇಗದಲ್ಲಿ ಹಾಯಬಲ್ಲವು. ಗೌಂಡಿಯನ್ನು ಕರೆಸಿ ಒಂದು ಅಡಿ ಅಗಲಕ್ಕೆ ಗೋಡೆಯಂತೆ ಕಟ್ಟಿಸುವ ಸಿಮೆಂಟಿನ ದಿಂಡು ಉಬ್ಬಲ್ಲ. ಅದು ಬಸುರಿಯರ, ಬೆನ್ನುನೋವಿನವರ, ಸ್ಕೂಟರಿನ ಹಿಂದೆ ಕೂತ ಮುದುಕರ ಪಾಲಿಗೆ ಇನ್ನೊಂದು ತಡೆಯೇ ಸರಿ. ಉಬ್ಬಿನ ಮುಂಚೆ ಎಚ್ಚರಿಕೆಯ ಫಲಕ ಹಾಗೂ ಬಿಳಿ ಬಣ್ಣದ ಗುರುತು ಇರಲೇಬೇಕೆಂದು ಮನವಿಯಲ್ಲಿಯೇ ಸೇರಿಸುವುದು ಒಳ್ಳೆಯದು.

ನಡುವಿನ ಕಂಬವನ್ನು ಬೀಗ ಹಾಕಿ ತೆಗೆದಿಡುವಂತೆ ಮಾಡೋಣ ಎಂಬ ಸಲಹೆ ಎಲ್ಲ ಓಣಿಗಳಲ್ಲೂ ಬರುತ್ತದೆ. ನಾನು ಅದಕ್ಕೆ ಒಪ್ಪುವವನಲ್ಲ. ಕೀಲಿ ಯಾರ ಮನೆಯಲ್ಲಿರಬೇಕು, ಅವರು ಊರಿಗೆ ಹೋದರೆ ಯಾರ ಕೈಗೆ ಕೊಡಬೇಕು, ರಾತ್ರಿ ಎರಡು ಗಂಟೆಗೆ 108ರ ಗಾಡಿ ಬಂದು ನಿಂತಾಗ ಯಾರ ಬಾಗಿಲು ತಟ್ಟಬೇಕು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಅದರ ಬದಲು, ಸಂಚಾರ ಪೊಲೀಸರ ಒಪ್ಪಿಗೆ ಪಡೆದು ಸರಪಳಿಯನ್ನಾದರೂ ಎರಡು ವಾರ ಬಿಚ್ಚಿಟ್ಟು ನೋಡುವುದು ಉತ್ತಮ. ಆ ಎರಡು ವಾರದಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತು, ಸಂಜೆ ಆರರಿಂದ ಏಳು ಗಂಟೆಯವರೆಗೆ ಹಾಯ್ದ ವಾಹನಗಳನ್ನು ಎಣಿಸಿ ಬರೆದಿಟ್ಟರೆ, ಭಯವಿದ್ದವರಿಗೂ ಲೆಕ್ಕ ಸಿಗುತ್ತದೆ, ಕಚೇರಿಗೂ ಲೆಕ್ಕ ಸಿಗುತ್ತದೆ.

ಮನವಿ

ಮನವಿ ಒಂದು ಪುಟ ಮೀರಬಾರದು. ಪಾಲಿಕೆಯ ನಿಮ್ಮ ವಲಯ ಕಚೇರಿಯ ಸಹಾಯಕ ಆಯುಕ್ತರ ಹೆಸರಿಗೆ ಬರೆದು, ಸಂಚಾರ ಠಾಣೆಯ ಇನ್‌ಸ್ಪೆಕ್ಟರರಿಗೂ ವಾರ್ಡಿನ ಪಾಲಿಕೆ ಸದಸ್ಯರಿಗೂ ಪ್ರತಿ ಕೊಡಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ 2021ರ ಪಾಲಿಕೆ ಚುನಾವಣೆಯ ವೇಳೆಗೆ 82 ವಾರ್ಡುಗಳಾಗಿದ್ದವು. ವಾರ್ಡಿನ ಗಡಿಗಳು ಬದಲಾಗಿರುವುದರಿಂದ ನಿಮ್ಮ ರಸ್ತೆ ಯಾವ ವಾರ್ಡಿನಲ್ಲಿದೆ ಎಂಬುದನ್ನು ತೆರಿಗೆಯ ಪಾವತಿ ನೋಡಿ ಖಚಿತಪಡಿಸಿಕೊಳ್ಳಿ. ರಸ್ತೆಯ ಎರಡು ತುದಿಗಳು ಎರಡು ವಾರ್ಡಿಗೆ ಸೇರಿದ್ದರೆ ಇಬ್ಬರು ಸದಸ್ಯರಿಗೂ ಪ್ರತಿ ಹೋಗಬೇಕು. ವಾರ್ಡ್ ಸಮಿತಿ ಇದ್ದಲ್ಲಿ ಅದರ ಸಭೆಯಲ್ಲಿ ವಿಷಯವನ್ನಿಟ್ಟು ನಡಾವಳಿಯಲ್ಲಿ ಬರೆಸಿದರೆ ಮನವಿಯ ತೂಕ ಹೆಚ್ಚುತ್ತದೆ. ಒಕ್ಕಣೆ ಹೀಗಿರಬಹುದು:

"ಮಾನ್ಯರೆ, ನಮ್ಮ ಬಡಾವಣೆಯ ಎರಡನೇ ಅಡ್ಡರಸ್ತೆಯು ಮುಖ್ಯ ರಸ್ತೆಗೆ ಕೂಡುವ ಸ್ಥಳದಲ್ಲಿ ಮೂರು ಕಬ್ಬಿಣದ ಕಂಬಗಳನ್ನು ನೆಟ್ಟು ವಾಹನ ಸಂಚಾರವನ್ನು ತಡೆಯಲಾಗಿದೆ. ಮುಖ್ಯ ರಸ್ತೆಯ ಕಾಮಗಾರಿಯ ಕಾಲದಲ್ಲಿ ಹಾಕಿದ ಈ ತಡೆಗೆ ಕಾಮಗಾರಿ ಮುಗಿದ ಮೇಲೆ ಯಾವ ಉದ್ದೇಶವೂ ಉಳಿದಿಲ್ಲ. ರಸ್ತೆಯ ಅಗಲ ಇಷ್ಟು, ಕಂಬಗಳ ನಡುವಿನ ತೆರಪು ಇಷ್ಟು ಇರುವುದರಿಂದ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಹಾಗೂ ಕಸ ಸಂಗ್ರಹಿಸುವ ವಾಹನಗಳು ಒಳಗೆ ಬರಲಾಗುತ್ತಿಲ್ಲ. ಆದ್ದರಿಂದ ಸ್ಥಳ ಪರಿಶೀಲನೆ ನಡೆಸಿ, ಕಂಬಗಳನ್ನು ಬುಡಸಮೇತ ತೆಗೆದು, ಕುಣಿಗಳನ್ನು ಮುಚ್ಚಿ ರಸ್ತೆಯನ್ನು ಮೊದಲಿನಂತೆ ಮಾಡಿಸಬೇಕೆಂದೂ, ತೆಗೆಯುವುದಕ್ಕೆ ಮುಂಚೆ ಮೂಲೆಮನೆಯ ಬಳಿ ನಿಯಮಾನುಸಾರ ವೇಗ ತಗ್ಗಿಸುವ ಉಬ್ಬನ್ನು ಹಾಕಿಸಬೇಕೆಂದೂ ವಿನಂತಿಸುತ್ತೇವೆ."

ಇದರಲ್ಲಿ "ಬುಡಸಮೇತ" ಎಂಬ ಶಬ್ದವನ್ನು ಬಿಡಬೇಡಿ, ಕಾರಣವನ್ನು ಮುಂದೆ ಹೇಳುತ್ತೇನೆ. ಎರಡು ಫೋಟೊ ಸಾಕು: ತಡೆಯ ಮುಂದೆ ಕಸದ ಟಿಪ್ಪರ್ ನಿಂತದ್ದು ಒಂದು, ಕಂಬದ ಬುಡಕ್ಕೆ ಟೇಪು ಹಿಡಿದದ್ದು ಇನ್ನೊಂದು. ಕೈಯಿಂದ ಬರೆದ ನಕ್ಷೆಯೂ ಇರಲಿ. ಆವಕ-ಜಾವಕ ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳದೆ ಬರಬಾರದು. ನಮ್ಮ ಮೊದಲ ಮನವಿಯನ್ನು ಒಂದು ಕಚೇರಿಯಲ್ಲಿ ಕೈಗೆ ಕೊಟ್ಟು ನಮಸ್ಕಾರ ಮಾಡಿ ಬಂದಿದ್ದೆವು. ನಾಲ್ಕು ತಿಂಗಳ ಮೇಲೆ ವಿಚಾರಿಸಿದರೆ ಅಂಥ ಕಾಗದ ಬಂದದ್ದೇ ಯಾರಿಗೂ ಗೊತ್ತಿರಲಿಲ್ಲ, ಬಂದಿತ್ತೆಂದು ತೋರಿಸಲು ನಮ್ಮಲ್ಲಿಯೂ ಏನೂ ಇರಲಿಲ್ಲ.

ತಿಂಗಳೊಳಗೆ ಸ್ಥಳ ಪರಿಶೀಲನೆ ಆಗದಿದ್ದರೆ ರಾಜ್ಯ ಸರಕಾರದ ಜನಸ್ಪಂದನದಲ್ಲಿ, ಅಂದರೆ 1902ಕ್ಕೆ ಕರೆ ಮಾಡಿ, ಮನವಿಯ ಆವಕ ಸಂಖ್ಯೆಯನ್ನು ಹೇಳಿ ದೂರು ದಾಖಲಿಸಬಹುದು. ಅಡಚಣೆಯಿಂದ ಜೀವಕ್ಕೇ ಅಪಾಯವಿದೆ ಎನ್ನುವಂಥ ಸಂದರ್ಭದಲ್ಲಿ, ಸಾರ್ವಜನಿಕ ದಾರಿಯ ಮೇಲಿನ ಅಡ್ಡಿಯನ್ನು ತೆಗೆಯಲು ಷರತ್ತಿನ ಆದೇಶ ಹೊರಡಿಸುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಹಿಂದೆ ಇದೇ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿತ್ತು. ಓಣಿಯ ಕೆಲಸ ಅಲ್ಲಿಯವರೆಗೆ ಹೋಗದಿರುವುದೇ ಲೇಸು.

ತೆಗೆಯುವ ದಿನ

ಪಾಲಿಕೆಯ ಅನುಮತಿ ಸಿಕ್ಕರೂ ಮಳೆಗಾಲದಲ್ಲಿ ಈ ಕೆಲಸ ಬೇಡ. ಗಣೇಶ ಚೌತಿಗೆ ದಾರಿ ತೆರವಾಗಲೆಂದು ಶ್ರಾವಣದ ಜಿಟಿಜಿಟಿ ಮಳೆಯಲ್ಲೇ ಅವಸರ ಮಾಡುವವರಿದ್ದಾರೆ, ಆದರೆ ನೀರು ತುಂಬಿದ ಕುಣಿಯನ್ನು ಗಟ್ಟಿಯಾಗಿ ಮುಚ್ಚಲು ಬರುವುದಿಲ್ಲ. ದೀಪಾವಳಿಯ ನಂತರದಿಂದ ಯುಗಾದಿಯವರೆಗಿನ ಕಾಲ ಒಳ್ಳೆಯದು.

ಕಂಬದ ಸುತ್ತ ನೆಲದೊಳಗೆ ಏನೇನಿದೆ ಎಂಬುದನ್ನು ಅಗೆಯುವ ಮುನ್ನ ತಿಳಿಯಲೇಬೇಕು. ನಮ್ಮ ಅವಳಿ ನಗರದ ಬಡಾವಣೆಗಳಲ್ಲಿ ನೀರಿನ ಹಳೆಯ ಪೈಪು ಒಂದು ಕಡೆ, ಹೊಸ ಪೈಪು ಇನ್ನೊಂದು ಕಡೆ, ಒಳಚರಂಡಿ, ವಿದ್ಯುತ್ ಕಂಪನಿಯಾದ ಹೆಸ್ಕಾಂನ ಕೇಬಲ್, ದೂರವಾಣಿಯ ಕೇಬಲ್, ಕೆಲವೆಡೆ ಅಡುಗೆ ಅನಿಲದ ಕೊಳವೆ, ಹೀಗೆ ಅರ್ಧ ಮೀಟರಿನ ಆಳದಲ್ಲೇ ಒಂದರ ಪಕ್ಕ ಒಂದು ಹಾಯ್ದಿರುತ್ತವೆ. ವಿದ್ಯುತ್ ಕೇಬಲ್ ಅಥವಾ ಅನಿಲದ ಕೊಳವೆಯ ಸಂಶಯವಿದ್ದರೆ ಸಂಬಂಧಪಟ್ಟವರು ಬಂದು ಗುರುತು ಹಾಕುವವರೆಗೆ ಬ್ರೇಕರ್ ಯಂತ್ರ ಹಚ್ಚಲು ಬಿಡಬಾರದು. ಕೈಯಿಂದ, ಹಾರೆ-ಸಲಿಕೆಯಿಂದ ಮೆಲ್ಲಗೆ ಅಗೆಸುವುದೇ ಸುರಕ್ಷಿತ.

ಕಮಾನು ಇದ್ದರೆ ಅದರ ಕ್ರಮ ಬೇರೆ. ಅಡ್ಡಪಟ್ಟಿಯನ್ನು ಎರಡೂ ಬದಿಯಿಂದ ಹಗ್ಗಕ್ಕೋ ಕ್ರೇನಿನ ಕೊಂಡಿಗೋ ಬಿಗಿದು ಭಾರ ಹಿಡಿದ ಮೇಲೆಯೇ ಕತ್ತರಿಸಬೇಕು. ಮೊದಲು ಕಂಬದ ಬುಡ ಕೊಯ್ದರೆ ಮೇಲಿನದೆಲ್ಲ ಎತ್ತ ಬೀಳುತ್ತದೆಂದು ಯಾರೂ ಹೇಳಲಾರರು. ಕಟ್ಟರ್ ಯಂತ್ರದ ಕಿಡಿ ಮೂರು ನಾಲ್ಕು ಮೀಟರ್ ಹಾರುತ್ತದೆ. ಹತ್ತಿರ ನಿಲ್ಲಿಸಿದ ಸ್ಕೂಟರುಗಳನ್ನೂ ಒಣ ಎಲೆಯ ರಾಶಿಯನ್ನೂ ಮೊದಲು ಸರಿಸಬೇಕು, ಪಕ್ಕದಲ್ಲಿ ಎರಡು ಬಕೆಟ್ ಮರಳು ಇಟ್ಟುಕೊಳ್ಳಬೇಕು, ಕೊಯ್ಯುವವರು ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು ಹಾಕಿಕೊಂಡಿರಬೇಕು. ಅಗೆತ ನಡೆದಷ್ಟು ಹೊತ್ತು ಎರಡೂ ತುದಿಯಲ್ಲಿ ಕೋನ್ ಇಟ್ಟು ಒಬ್ಬರು ನಿಂತಿರಲಿ.

ಈಗ "ಬುಡಸಮೇತ" ಎಂಬ ಮಾತಿಗೆ ಬರುತ್ತೇನೆ. ನಮ್ಮ ಮೂರು ಕಂಬಗಳಲ್ಲಿ ಮೊದಲನೆಯದನ್ನು ಕೆಲಸಕ್ಕೆ ಬಂದವರು ನೆಲದ ಮಟ್ಟಕ್ಕೆ ಕೊಯ್ದು ಮುಗಿಯಿತೆಂದರು. ನೋಡಲು ಚೊಕ್ಕಟವಾಗಿಯೇ ಇತ್ತು. ಎರಡು ಮಳೆ ಬಿದ್ದು ಸುತ್ತಲಿನ ಡಾಂಬರು ಕೊಚ್ಚಿ ಹೋದ ಮೇಲೆ ಹಳಿಯ ತಲೆ ಎರಡು ಬೆರಳಿನಷ್ಟು ಮೇಲೆದ್ದಿತು, ಅದರ ಸುತ್ತ ನೀರು ನಿಂತು ಕಾಣದಂತಾಯಿತು. ಹಾಲು ಹಾಕುವ ಹುಡುಗನ ಸೈಕಲಿನ ಮುಂದಿನ ಗಾಲಿ ಅದಕ್ಕೆ ಬಡಿದು ಅವನು ಮುಂಗೈ ಮುರಿದುಕೊಂಡ. ಕಂಬ ಎತ್ತರವಿದ್ದಾಗ ಕನಿಷ್ಠ ಕಣ್ಣಿಗೆ ಕಾಣುತ್ತಿತ್ತು. ಆ ಹುಡುಗನ ಕೈಗೆ ಹಾಕಿದ್ದ ಪ್ಲಾಸ್ಟರನ್ನು ನೋಡಿದ ಮೇಲೆ ಉಳಿದ ಎರಡು ಕಂಬಗಳನ್ನು ತೆಗೆಯುವ ದಿನ ನಾನು ರಜೆ ಹಾಕಿ ಅಲ್ಲೇ ನಿಂತೆ.

ಕಂಬದ ಸುತ್ತ ಒಂದೂವರೆ ಅಡಿ ಅಗಲಕ್ಕೆ ಡಾಂಬರನ್ನು ಚೌಕವಾಗಿ ಕೊಯ್ದು ತೆಗೆಯಬೇಕು, ಅಂಚು ನೇರವಾಗಿದ್ದರೆ ಮುಂದೆ ಹಾಕುವ ತೇಪೆ ಕಿತ್ತುಬರುವುದಿಲ್ಲ. ಅಗೆಯುತ್ತ ಹೋದರೆ ಕಂಬದ ಬುಡಕ್ಕೆ ಅಂಟಿದ ಕಾಂಕ್ರೀಟಿನ ಗಡ್ಡೆ ಸಿಗುತ್ತದೆ. ನಮ್ಮಲ್ಲಿ ಅದು ನೀರಿನ ಕೊಡದಷ್ಟು ದಪ್ಪವಿತ್ತು. ಗಡ್ಡೆಯನ್ನು ಸುತ್ತಲೂ ಬಿಡಿಸಿಕೊಂಡು, ಸರಪಳಿ ಕಟ್ಟಿ, ಜೆಸಿಬಿಯಿಂದ ನೆಟ್ಟಗೆ ಮೇಲಕ್ಕೆ ಎತ್ತಿಸಬೇಕು. ಓರೆಯಾಗಿ ಎಳೆದರೆ ಗಟಾರದ ಗೋಡೆ ಬಿರಿಯುತ್ತದೆ. ಪೈಪು ಅಡ್ಡ ಬಂದು ಗಡ್ಡೆಯನ್ನು ಎತ್ತುವುದು ಸಾಧ್ಯವೇ ಇಲ್ಲವೆಂದಾದರೆ ಮಾತ್ರ ಕೊಯ್ಯಬೇಕು, ಅದೂ ರಸ್ತೆಯ ಮಟ್ಟಕ್ಕಿಂತ ಕನಿಷ್ಠ ಒಂದು ಅಡಿ ಕೆಳಗೆ.

ಕುಣಿ ಮುಚ್ಚುವಾಗ ನೆಲದ ಗುಣ ನೋಡಬೇಕು. ಹುಬ್ಬಳ್ಳಿಯ ಕಡೆ ಬಹುಪಾಲು ಎರೆಮಣ್ಣು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅಗೆದು ತೆಗೆದ ಎರೆಮಣ್ಣನ್ನೇ ಮತ್ತೆ ತುಂಬಿದರೆ ಮೊದಲ ಬೇಸಿಗೆಗೇ ಅಲ್ಲಿ ತಗ್ಗು ಬೀಳುತ್ತದೆ. ಧಾರವಾಡದ ಪಶ್ಚಿಮದ ಕಡೆಯ ಕೆಮ್ಮಣ್ಣು ಅಷ್ಟು ತೊಂದರೆ ಕೊಡುವುದಿಲ್ಲವಾದರೂ ಹೊರಗಿನಿಂದ ಗರಸು, ಅಂದರೆ ಹರಳು ಕಲ್ಲು ಬೆರೆತ ಮಣ್ಣು ತರಿಸುವುದೇ ಸರಿ. ಗರಸನ್ನು ಅರ್ಧ ಅಡಿಯ ಪದರಗಳಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಮೊಣಕೈ ಉದ್ದದ ಹಾರೆಯ ತುದಿಯನ್ನು ಒತ್ತಿದರೆ ಇಳಿಯದಂತೆ ಗಟ್ಟಿಯಾದ ಮೇಲೆ ಮುಂದಿನ ಪದರ. ಎಲ್ಲ ಮಣ್ಣನ್ನೂ ಒಮ್ಮೆಲೇ ಸುರಿದು ಮೇಲೊಂದಷ್ಟು ಕುಣಿದಾಡಿದರೆ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಒಳಗೆ ಟೊಳ್ಳು ಉಳಿಯುತ್ತದೆ. ಮೇಲಿನ ಆರೇಳು ಅಂಗುಲಕ್ಕೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಖಡಿಯ ಕಾಂಕ್ರೀಟ್ ಹಾಕಿ ರಸ್ತೆಯ ಮಟ್ಟಕ್ಕೆ ಸಮಮಾಡಿ, ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ ನೀರುಣಿಸಬೇಕು. ಆ ಏಳು ದಿನ ಅದರ ಮೇಲೆ ಗಾಲಿ ಹಾಯಬಾರದು. ರಾತ್ರಿ ಕಾಣುವಂತೆ ಕೆಂಪು ದೀಪವನ್ನೋ ಹೊಳೆಯುವ ಪಟ್ಟಿಯನ್ನೋ ಕಟ್ಟಿಡಿ. ಡಾಂಬರು ರಸ್ತೆಯಾದರೆ ಕಾಂಕ್ರೀಟಿನ ಬದಲು ಖಡಿ ಹಾಕಿ ಮೇಲೆ ಬಿಸಿ ಡಾಂಬರಿನ ತೇಪೆ ಹಾಕಲು ಎಂಜಿನಿಯರರು ಹೇಳಬಹುದು, ಅದೂ ಒಪ್ಪತಕ್ಕದ್ದೇ.

ಕಬ್ಬಿಣ ಮತ್ತು ಆಮೇಲಿನ ಕೆಲಸ

ತೆಗೆದ ಕಬ್ಬಿಣವನ್ನು ಗುಜರಿಗೆ ಹಾಕಿ ಓಣಿಯ ಗಣಪತಿಗೆ ಹಣ ಹೊಂದಿಸುವ ಆಸೆ ಬೇಡ. ಪಾಲಿಕೆಯದಾದರೆ ಪಂಚನಾಮೆ ಮಾಡಿಸಿ ಅವರ ಉಗ್ರಾಣಕ್ಕೆ ಒಪ್ಪಿಸಿ ಸ್ವೀಕೃತಿ ಪಡೆಯಬೇಕು. ಹಳಿ ತುಂಡುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ರೈಲ್ವೆ ಊರಾದ ನಮ್ಮಲ್ಲಿ ಹರಾಜಿನಲ್ಲಿ ಕೊಂಡ ಹಳಿಗಳನ್ನು ಕಂಬವಾಗಿ ಬಳಸುವುದು ಹೊಸದೇನಲ್ಲ. ಆದರೆ ಎಲ್ಲಿಂದ ಬಂತೆಂಬ ಕಾಗದ ಇಲ್ಲದಿದ್ದರೆ, ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ 1966ರ ಕಾಯ್ದೆಯ ಪ್ರಶ್ನೆ ಬರುತ್ತದೆ. ಅಂಥವನ್ನು ಯಾರ ಮನೆಯ ಹಿತ್ತಿಲಿಗೂ ಸೇರಿಸದೆ ಪಂಚನಾಮೆಯಲ್ಲಿ ಬರೆಸಿ ಪಾಲಿಕೆಯವರ ಕೈಗೇ ಕೊಡಬೇಕು.

ಕಂಬ ಹೋದರೂ "ರಸ್ತೆ ಬಂದ್ ಇದೆ" ಎಂಬ ಹಳೆಯ ಫಲಕ ಮೂಲೆಯ ವಿದ್ಯುತ್ ಕಂಬಕ್ಕೆ ಕಟ್ಟಿದ್ದು ಹಾಗೆಯೇ ಉಳಿಯುವುದುಂಟು, ಅದನ್ನೂ ಅದೇ ದಿನ ತೆಗೆಸಬೇಕು. ಸಂಚಾರ ಠಾಣೆಗೆ ಒಂದು ಪತ್ರ ಕೊಟ್ಟು ರಸ್ತೆ ತೆರೆದಿದೆಯೆಂದು ತಿಳಿಸಬೇಕು. ಗೂಗಲ್ ಮ್ಯಾಪಿನಲ್ಲಿ ರಸ್ತೆ ಮುಚ್ಚಿದೆಯೆಂದು ತೋರಿಸುತ್ತಿದ್ದರೆ, ಮ್ಯಾಪಿನಲ್ಲಿಯೇ ತಿದ್ದುಪಡಿ ಸೂಚಿಸುವ ಅವಕಾಶವಿದೆ. ಹೊರಗಿನಿಂದ ಬರುವ ಆಂಬುಲೆನ್ಸಿನ ಚಾಲಕರು ಅದನ್ನೇ ನೋಡಿಕೊಂಡು ಬರುವುದರಿಂದ ಈ ಸಣ್ಣ ಕೆಲಸವನ್ನು ಮುಂದಕ್ಕೆ ಹಾಕಬಾರದು. ಕಸದ ಟಿಪ್ಪರಿನವರಿಗೆ ಬಾಯಿಂದಲೇ ಹೇಳಬೇಕು. ನಮ್ಮಲ್ಲಿ ಕಂಬ ತೆಗೆದ ಮೂರು ದಿನವೂ ಟಿಪ್ಪರಿನ ಅಣ್ಣಾರು ರೂಢಿಯಂತೆ ಹಳೆಯ ಜಾಗದಲ್ಲೇ ಗಾಡಿ ತಿರುಗಿಸಿ ಹೋದರು. ನಾಲ್ಕನೆಯ ದಿನ ಮಾಸ್ತರರು ಗೇಟಿನ ಹೊರಗೆ ಬಂದು ನಿಂತು, ಒಳಗೆ ಬರ್ರಿ ಎಂದು ಕೈ ಮಾಡಿ ಕರೆದರು.